ಮೊದಲು ಅಂಟು, ಆಮೇಲೆ ಶ್ರುತಿ

ಅತ್ತೆಗೆ ಕಣ್ಣಿನ ಆಪರೇಷನ್ ಆಗದೆ ಹೋಗಿದ್ದರೆ ಸೊಸೆ ಆ ಅಂಗಡಿಯ ಕೌಂಟರಿನಲ್ಲಿ ಕೂರುತ್ತಲೇ ಇರಲಿಲ್ಲ.

ಅದು ವಾದ್ಯ ರಿಪೇರಿ ಅಂಗಡಿ. ಮುಂದೆ ರಸ್ತೆಗೆ ತೆರೆದುಕೊಂಡ ಸಣ್ಣ ಕೋಣೆ, ಹಿಂದೆ ಉದ್ದನೆಯ ಕೆಲಸದ ಮನೆ, ಗೋಡೆಯ ತುಂಬ ನೇತುಹಾಕಿದ ಪಿಟೀಲು, ಟ್ರಂಪೆಟ್ಟು, ಹೊಟ್ಟೆ ಬಿರಿದ ಡ್ರಮ್ಮು. ಹಿಂದಿನ ಮನೆಯಲ್ಲಿ ಮೂವರು ಕೆಲಸಗಾರರು. ಮರದ ಕೆಲಸ, ಅಂಟಿನ ಕೆಲಸ ಅವಳ ಗಂಡನದು. ಹಿತ್ತಾಳೆ ವಾದ್ಯಗಳಲ್ಲಿ ಪೆಟ್ಟು ಬಿದ್ದು ಆದ ತಗ್ಗು ಎತ್ತುವುದು, ಬೆಸುಗೆ ಹಾಕುವುದು ಮೈದುನನದು. ಮನೆಯಲ್ಲಿ ನಡೆದದ್ದೆಲ್ಲ ಬೀದಿಗೆ ಸಾರುವ ಬಾಯಿಯಾದ್ದರಿಂದ ಅವನನ್ನು ಎಲ್ಲರೂ ತುತ್ತೂರಿ ಎಂದೇ ಕರೆಯುತ್ತಿದ್ದರು. ಇನ್ನು ಶ್ರುತಿ ಕೂಡಿಸುವುದು ಮಾವನ ಕೆಲಸ. ಮಾವನ ಕಿವಿಯ ಬಗ್ಗೆ ಊರಿನಲ್ಲಿ ಎರಡು ಮಾತಿರಲಿಲ್ಲ. ಅವರ ಕೈ ಸೋಕದೆ ಯಾವ ವಾದ್ಯವೂ ಹೊಸ್ತಿಲು ದಾಟುತ್ತಿರಲಿಲ್ಲ.

ಸೊಸೆ ಬಸ್ ಡಿಪೋದಲ್ಲಿ ಯಾವ ಬಸ್ಸು ಯಾವಾಗ ಹೊರಡಬೇಕೆಂದು ನೋಡಿಕೊಳ್ಳುವ ಕಂಟ್ರೋಲರ್ ಆಗಿದ್ದವಳು. ಡಿಪೋ ದೂರದ ಊರಿಗೆ ಹೋದ ಮೇಲೆ ಕೆಲಸ ಬಿಟ್ಟು, ಕೈಕಟ್ಟಿ ಕೂತು ಕೂತು ಬೇಸತ್ತಿದ್ದಳು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಅತ್ತೆ, "ಎರಡು ವಾರ ನೀನೇ ನೋಡ್ಕೊಳ್ಳಮ್ಮ. ಏನೂ ಕಷ್ಟ ಇಲ್ಲ. ಯಾರು ಬಂದ್ರೂ ನಾಳೆ ಬನ್ನಿ ಅನ್ನೋದು, ಅಷ್ಟೇ" ಎಂದಾಗ ಅವಳು ಖುಷಿಯಿಂದಲೇ ಒಪ್ಪಿಕೊಂಡಳು.

ಆ ಎರಡು ವಾರ ಎಂಥವೆಂದು ಮಾತ್ರ ಅತ್ತೆ ಹೇಳಿರಲಿಲ್ಲ. ಟೌನ್‌ಹಾಲಿನಲ್ಲಿ ಬ್ಯಾಂಡುಗಳ ಸ್ಪರ್ಧೆ ಹತ್ತಿರ ಬಂದಿತ್ತು. ಶಾಲೆಯ ಬ್ಯಾಂಡು, ಕಾರ್ಖಾನೆಯ ಬ್ಯಾಂಡು, ಅಗ್ನಿಶಾಮಕ ದಳದ ಬ್ಯಾಂಡು, ಎಲ್ಲವೂ ವರ್ಷವಿಡೀ ಮೂಲೆಗೆ ಎಸೆದಿದ್ದ ವಾದ್ಯಗಳನ್ನು ಈಗ ಧೂಳು ಕೊಡವಿ ಈ ಒಂದೇ ಅಂಗಡಿಗೆ ಹೊತ್ತು ತರುತ್ತಿದ್ದವು. ಮೊದಲ ದಿನ ಬೆಳಿಗ್ಗೆ ಸೊಸೆ ಬಾಗಿಲು ತೆರೆಯುವಷ್ಟರಲ್ಲಿ ಮೆಟ್ಟಿಲ ಮೇಲೆ ಜನ ಕಿಕ್ಕಿರಿದಿದ್ದರು. "ನಾಳೆ ಬನ್ನಿ" ಎಂದಳು. "ನಿಮ್ಮತ್ತೆ ನಿನ್ನೆ ಹೇಳಿದ ನಾಳೆ ಇವತ್ತೇ ಅಲ್ವೇನಮ್ಮ?" ಎಂದು ಅಗ್ನಿಶಾಮಕ ದಳದವನೊಬ್ಬ ಕೇಳಿದ. ಅವಳಿಗೆ ನಗು ಬಂತು.

ಯಾರ ದನಿ ದೊಡ್ಡದೋ ಅವರ ಕೆಲಸ ಮೊದಲು. ಆ ಅಂಗಡಿ ಅಲ್ಲಿಯವರೆಗೆ ನಡೆದದ್ದು ಹಾಗೆಯೇ. ಕೌಂಟರಿನಲ್ಲಿ ಯಾರಾದರೂ ಕೂಗಾಡಿದರೆ ಅತ್ತೆ ಒಳಗೆ ತಿರುಗಿ, "ರೀ, ಇವರದ್ದು ಸ್ವಲ್ಪ ನೋಡಿಬಿಡಿ" ಎನ್ನುತ್ತಿದ್ದರು. ಮಾವ ಕೈಯಲ್ಲಿದ್ದದ್ದನ್ನು ಅರ್ಧಕ್ಕೆ ಬಿಟ್ಟು ಅದನ್ನು ಎತ್ತಿಕೊಳ್ಳುತ್ತಿದ್ದರು. ಅದು ಮುಗಿಯುವ ಮೊದಲೇ ಇನ್ನೊಬ್ಬರ ಕೂಗು. ಹೀಗೆ ಮಾವನ ಮೇಜಿನ ಮೇಲೆ ಅರ್ಧ ಬಿಚ್ಚಿದ ವಾದ್ಯಗಳು ರಾಶಿ ಬಿದ್ದಿದ್ದವು. ಅವರ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಆ ಪಕ್ಕದಲ್ಲಿ ತುತ್ತೂರಿ ಕೆಲಸವಿಲ್ಲದೆ ಸ್ಟೂಲಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದ.

"ನೀನ್ಯಾಕೆ ಸುಮ್ನೆ ಕೂತಿದೀಯಾ?" ಎಂದು ಸೊಸೆ ಕೇಳಿದಳು.

"ಅತ್ತಿಗೆ, ನಾನು ತಗ್ಗು ಎತ್ತಬೇಕಾದ್ರೆ ಮೊದಲು ಅಪ್ಪ ಅದನ್ನ ಬಿಚ್ಚಿ ಕೊಡಬೇಕು. ಅಪ್ಪನ ಕೈ ಖಾಲಿ ಆಗೋವರೆಗೂ ನಾನು ಮಹಾರಾಜ."

ಅವಳು ಮಧ್ಯಾಹ್ನದವರೆಗೆ ಕೌಂಟರಿನಿಂದ ಒಳಗೆ, ಒಳಗಿನಿಂದ ಕೌಂಟರಿಗೆ ಓಡಾಡುತ್ತ ಸುಮ್ಮನೆ ಗಮನಿಸಿದಳು. ಮಾವ ಸ್ಕ್ರೂ ಬಿಚ್ಚುತ್ತಿದ್ದರು, ಎಣ್ಣೆ ಹಾಕುತ್ತಿದ್ದರು, ಬಟ್ಟೆಯಲ್ಲಿ ಒರೆಸುತ್ತಿದ್ದರು, ಪೆಟ್ಟಿಗೆಯ ತುಕ್ಕು ಹಿಡಿದ ಬೀಗವನ್ನೂ ತಾವೇ ಉಜ್ಜುತ್ತಿದ್ದರು. ಗಂಡ ದಿನವಿಡೀ ಸಣ್ಣಪುಟ್ಟ ಕೆಲಸ ಮಾಡಿ, ಇನ್ನೇನು ಬಾಗಿಲು ಹಾಕಬೇಕೆನ್ನುವಾಗ ಪಿಟೀಲಿಗೆ ಅಂಟು ಹಚ್ಚುತ್ತಿದ್ದ. ಅದು ಒಣಗಲು ಒಂದಿಡೀ ದಿನ ಬೇಕು. ಮರುದಿನವೆಲ್ಲ ಅದರ ಹತ್ತಿರ ಯಾರೂ ಸುಳಿಯುವಂತಿಲ್ಲ.

ಇದು ಅವಳಿಗೆ ಗೊತ್ತಿದ್ದ ರೋಗ. ಸಂಜೆ ಅಂಗಡಿ ಮುಚ್ಚಿ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಅವಳು ಬಾಯಿ ಬಿಟ್ಟಳು.

"ಮಾವ, ನಮ್ಮ ಡಿಪೋದಲ್ಲಿ ಬಸ್ಸಿನ ಅಡಿಭಾಗ ನೋಡೋಕೆ ಒಂದು ಗುಂಡಿ ಇತ್ತು. ಇದ್ದದ್ದು ಒಂದೇ. ಮೊದಮೊದಲು ಎಲ್ಲ ಬಸ್ಸೂ ಗುಂಡಿ ಮೇಲೇನೇ ನಿಲ್ಲೋವು. ಅಲ್ಲೇ ಗಾಜು ಒರೆಸೋದು, ಅಲ್ಲೇ ಸೀಟು ಹೊಲಿಯೋದು. ಹಿಂದೆ ಬಸ್ಸಿನ ಸಾಲು ರಸ್ತೆವರೆಗೂ. ಆಮೇಲೆ ಒಂದು ನಿಯಮ ಮಾಡಿದ್ವಿ. ಗುಂಡಿ ಮೇಲೆ ಗುಂಡಿ ಕೆಲಸ ಬಿಟ್ಟು ಬೇರೇನೂ ಮಾಡಕೂಡದು. ಅಷ್ಟೇ, ಸಾಲು ಕರಗಿಹೋಯ್ತು."

ಮಾವ ಲೋಟ ಕೆಳಗಿಟ್ಟು ಕನ್ನಡಕದ ಮೇಲಿನಿಂದ ನೋಡಿದರು. "ಅಂದ್ರೆ ನಾನು ಗುಂಡಿ ಅಂತೀಯಾ?"

ತುತ್ತೂರಿಯ ಬಾಯಿಂದ ಚಹಾ ಚಿಮ್ಮಿತು. ಗಂಡ ಮುಖ ಆ ಕಡೆ ತಿರುಗಿಸಿ ಹೆಗಲು ಕುಣಿಸುತ್ತ ನಕ್ಕ. ಸೊಸೆ ನಾಲಿಗೆ ಕಚ್ಚಿಕೊಂಡಳು. ಆದರೆ ಮಾವನೂ ನಗುತ್ತಿದ್ದರು. "ಸರಿ, ಗುಂಡಿಗೆ ಏನಪ್ಪಣೆ? ಹೇಳು" ಎಂದರು.

ಮರುದಿನ ಬೆಳಿಗ್ಗೆ ಅಂಗಡಿ ಅಂಗಡಿಯ ಹಾಗಿರಲಿಲ್ಲ. ಸೊಸೆ ಗೋಡೆಯ ಕಪಾಟುಗಳನ್ನೆಲ್ಲ ಖಾಲಿ ಮಾಡಿಸಿ ಹೊಸದಾಗಿ ಜೋಡಿಸಿದಳು. ಅಂಟು, ಬಣ್ಣ, ತೊಗಲು ಹೀಗೆ ಒಣಗಬೇಕಾದದ್ದೆಲ್ಲ ಗಂಡನ ಕೈ ಪಕ್ಕದ ಕಪಾಟಿಗೆ ಹೋಯಿತು. "ರೀ, ಬಂದ ತಕ್ಷಣ ನೀವು ಮಾಡೋ ಮೊದಲ ಕೆಲಸ ಅಂಟು. ನೀವು ಬೇರೆ ಕೆಲಸ ಮಾಡ್ತಿದ್ರೂ ಅದು ತನ್ನ ಪಾಡಿಗೆ ಒಣಗ್ತಿರುತ್ತೆ." ಬಿಚ್ಚುವುದು, ಒರೆಸುವುದು, ಎಣ್ಣೆ ಹಾಕುವುದು ಇಡಿಯಾಗಿ ತುತ್ತೂರಿಯ ಪಾಲಿಗೆ ಬಂತು. ಅವನು ಎದೆಯ ಮೇಲೆ ಕೈಯಿಟ್ಟುಕೊಂಡು, "ನನ್ನ ರಾಜ್ಯ ಹೋಯ್ತು" ಎಂದ. ಮಾವನ ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ವಾದ್ಯ. ಅದು ಶ್ರುತಿಗೆ ಸಿದ್ಧವಾಗಿಯೇ ಅಲ್ಲಿಗೆ ಬರಬೇಕು, ಮುಗಿದ ಮೇಲೆಯೇ ಅಲ್ಲಿಂದ ಏಳಬೇಕು.

ಕೌಂಟರಿನಲ್ಲಿ ಅವಳು "ಯಾವಾಗ ಬೇಕು?" ಎಂದು ಕೇಳುವುದನ್ನು ಬಿಟ್ಟಳು. ಹಾಗೆ ಕೇಳಿದರೆ ಎಲ್ಲರೂ "ಈಗಲೇ" ಎನ್ನುತ್ತಿದ್ದರು. ಅದರ ಬದಲು, "ಇದನ್ನ ಮೊದಲು ನುಡಿಸೋದು ಯಾವತ್ತು, ಎಲ್ಲಿ?" ಎಂದು ಕೇಳತೊಡಗಿದಳು. ಆಗ ಜನ ತಲೆ ಕೆರೆದುಕೊಂಡು ನಿಜ ಹೇಳುತ್ತಿದ್ದರು. ಮೇಜು ಗುದ್ದಿ ಗುದ್ದಿ ಕೂಗಾಡಿದ್ದ ಒಬ್ಬನ ಸ್ಯಾಕ್ಸೋಫೋನು ಸ್ಪರ್ಧೆಗೆ ಹೋಗುವುದೇ ಅಲ್ಲವಂತೆ, ತಂಗಿಯ ಮದುವೆಗಂತೆ. ಮದುವೆಗೆ ಇನ್ನೂ ಹುಡುಗನೇ ಗೊತ್ತಾಗಿರಲಿಲ್ಲ.

ಎರಡು ದಿನ ಕಳೆಯುವಷ್ಟರಲ್ಲಿ ಕೆಲಸಕ್ಕೆ ಒಂದು ಓಟ ಬಂತು. ಟ್ರಂಪೆಟ್ಟುಗಳು ತುತ್ತೂರಿಯ ಕೈಯಿಂದ ಮಾವನ ಮೇಜಿಗೆ, ಅಲ್ಲಿಂದ ಪೆಟ್ಟಿಗೆಗೆ ಸರಸರನೆ ಸಾಗಿದವು. ಗಂಡ ಬೆಳಿಗ್ಗೆ ಅಂಟಿಸಿದ ಪಿಟೀಲುಗಳು ಸಾಲಾಗಿ ನಿಂತು ತಮ್ಮ ಪಾಡಿಗೆ ಒಣಗುತ್ತಿದ್ದವು. ಸಂಜೆ ಹೊತ್ತು ಮುಳುಗುವ ಮೊದಲೇ ಅಂಗಡಿಗೆ ಬೀಗ. ಮನೆಗೆ ಹೋದರೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅತ್ತೆ ಬಾಗಿಲ ಸದ್ದಿಗೇ ಎದ್ದು ಕೂರುತ್ತಿದ್ದರು. "ಇಷ್ಟು ಬೇಗ ಬಂದ್ರಾ? ಗಿರಾಕಿಗಳೆಲ್ಲ ಸತ್ತುಹೋದ್ರಾ?" ತುತ್ತೂರಿ ನಡೆದದ್ದೆಲ್ಲವನ್ನೂ ಕೈಬಾಯಿ ಕುಣಿಸಿ ಬಣ್ಣಿಸುತ್ತಿದ್ದ. ಅತ್ತೆ ಕೇಳಿ ಕೇಳಿ, "ನಾನಿಲ್ಲದಾಗಲೇ ಇವೆಲ್ಲ ಆಗ್ಬೇಕಾ?" ಎಂದು ಗೊಣಗುತ್ತಿದ್ದರು.

ಒಂದೇ ಒಂದು ಕಡೆ ಅವಳ ಲೆಕ್ಕ ತಪ್ಪುತ್ತಿತ್ತು. ದಿನವೂ ಹನ್ನೊಂದು ಗಂಟೆಯ ಸುಮಾರಿಗೆ ನಿವೃತ್ತ ಬ್ಯಾಂಡ್ ಮಾಸ್ತರು ಕೊಡೆ ಕುಟ್ಟುತ್ತ ಬರುತ್ತಿದ್ದರು. ಮಾವನ ಬಾಲ್ಯದ ಗೆಳೆಯರು. ಕೈಯಲ್ಲಿ ಒಂದು ಕೊಳಲು, ಅದಕ್ಕೆ ಒಂದು ಇಲ್ಲದ ರೋಗ. ಕೊಳಲು ಒಂದು ನೆಪ, ಮಾತು ಮುಖ್ಯ. ಅವರು ಕೂತರೆ ಮಾವನ ಕೈ ನಿಂತಂತೆ. ಹಿಂದಿನ ಸಾಲೆಲ್ಲ ಮತ್ತೆ ಉದ್ದವಾಗುತ್ತಿತ್ತು.

"ನಿನಗೆ ಆಗಲ್ಲ ಬಿಡು" ಎಂದು ಗಂಡ ಮೆಲ್ಲಗೆ ಹೇಳಿದ. "ಅವರನ್ನ ಬರಬೇಡಿ ಅಂದ್ರೆ ಅಪ್ಪ ಊಟ ಬಿಡ್ತಾರೆ."

ಬರಬೇಡಿ ಎನ್ನಲು ಅವಳಿಗೂ ಮನಸ್ಸಿರಲಿಲ್ಲ. ಮಾಸ್ತರು ಬಂದು ಕೂತ ಘಳಿಗೆ ಮಾವನ ಮುಖ ಹೇಗೆ ಅರಳುತ್ತಿತ್ತೆಂದು ಅವಳೂ ಕಂಡಿದ್ದಳು. ಅವಳು ಆ ರಾತ್ರಿ ಯೋಚಿಸುತ್ತಲೇ ನಿದ್ದೆ ಹೋದಳು. ಬೆಳಿಗ್ಗೆ ಹಲ್ಲುಜ್ಜುವಾಗ ಥಟ್ಟನೆ ಹೊಳೆಯಿತು. ಬಾಯಿ ತುಂಬ ನೊರೆಯಿಟ್ಟುಕೊಂಡೇ ಗಂಡನಿಗೆ ಹೇಳಲು ಓಡಿದಳು. ಅವನಿಗೆ ಒಂದಕ್ಷರವೂ ಅರ್ಥವಾಗಲಿಲ್ಲ.

ಅಂದು ಮಾಸ್ತರು ಬಂದಾಗ ಅವಳು ಮಾವನ ಮೇಜಿನ ಪಕ್ಕದಲ್ಲೇ ಕುರ್ಚಿ ಹಾಕಿ ಕೂರಿಸಿ, ಆಗಷ್ಟೇ ತಗ್ಗು ಎತ್ತಿದ ಟ್ರಂಪೆಟ್ಟೊಂದನ್ನು ಕೈಗೆ ಕೊಟ್ಟಳು. "ಮಾಸ್ತರೇ, ನಿಮಗೆ ಬಾರದ ಊದುವ ವಾದ್ಯ ಇಲ್ಲವಂತೆ. ಇದನ್ನ ಕೆಳಗಿನಿಂದ ಮೇಲಿನವರೆಗೂ ಊದಿ ನೋಡಿ. ಎಲ್ಲಿ ಗಾಳಿ ಸೋರುತ್ತೆ, ಯಾವ ಸ್ವರ ಸಿಕ್ಕಿಕೊಳ್ಳುತ್ತೆ, ಅಷ್ಟು ಹೇಳಿದ್ರೆ ಸಾಕು. ಮಾವ ಅದನ್ನ ಮಾತ್ರ ಸರಿ ಮಾಡ್ತಾರೆ."

ಮಾಸ್ತರು ಅವಳನ್ನೂ ಟ್ರಂಪೆಟ್ಟನ್ನೂ ನೋಡಿದರು. "ಹದಿನೈದು ವರ್ಷದಿಂದ ಈ ಅಂಗಡಿಗೆ ಬರ್ತಿದೀನಿ. ಇಲ್ಲಿ ಯಾರೂ ನನಗೆ ಒಂದು ಕೆಲಸ ಹೇಳಿರಲಿಲ್ಲ" ಎಂದರು. ಆಮೇಲೆ ತುಟಿ ಒರೆಸಿಕೊಂಡು ಊದಿದರು.

ಆ ಸದ್ದಿಗೆ ಎದುರು ಅಂಗಡಿಯವರು ಹೊರಗೆ ಬಂದು ನಿಂತರು. ಹೊತ್ತೇರಿದಂತೆ ಮಾಸ್ತರ ಕೆನ್ನೆ ಕೆಂಪೇರಿತು, ಮಾತು ಕಡಿಮೆಯಾಯಿತು, ಕೊಳಲು ಚೀಲದಲ್ಲೇ ಮರೆತುಹೋಯಿತು. ಮಧ್ಯೆ ಮಧ್ಯೆ ಇಬ್ಬರು ಗೆಳೆಯರೂ "ಮೇಲಿನ ಸ್ವರ ಸ್ವಲ್ಪ ತೆಳು", "ತೆಳು ಅಲ್ಲ, ನಿನ್ನ ಉಸಿರು ಮುದಿಯಾಗಿದೆ" ಎಂದು ಕಚ್ಚಾಡುತ್ತಿದ್ದರು. ಅಂದು ಮುಗಿದಷ್ಟು ಕೆಲಸ ಆ ಅಂಗಡಿಯಲ್ಲಿ ಯಾವತ್ತೂ ಮುಗಿದಿರಲಿಲ್ಲ. ಸೊಸೆಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಡಿಪೋ ಬಿಟ್ಟ ಮೇಲೆ ಸತ್ತೇಹೋಯಿತೆಂದುಕೊಂಡಿದ್ದ ಏನೋ ಒಂದು ಅವಳೊಳಗೆ ಮತ್ತೆ ಕುಣಿಯುತ್ತಿತ್ತು.

ಸ್ಪರ್ಧೆಯ ಹಿಂದಿನ ದಿನ ಮಧ್ಯಾಹ್ನದ ಹೊತ್ತಿಗೆ ಕಪಾಟುಗಳು ಹೆಚ್ಚುಕಡಿಮೆ ಖಾಲಿ. ಗಂಡ ಹಚ್ಚಿದ ಅಂಟು ಒಣಗಲೆಂದು ದೊಡ್ಡ ಹೋಟೆಲಿನ ಅಕಾರ್ಡಿಯನ್ ಒಂದೇ ಉಳಿದಿತ್ತು. ಅದನ್ನು ನಾಳೆ ಬೆಳಿಗ್ಗೆ ಶ್ರುತಿ ಮುಗಿಸಿ ಮಧ್ಯಾಹ್ನದೊಳಗೆ ತಲುಪಿಸುವುದೆಂದು ಅತ್ತೆ ಕೌಂಟರಿನಲ್ಲಿದ್ದಾಗಲೇ ಮಾತಾಗಿತ್ತು. ತುತ್ತೂರಿ ಮೇಜು ಒರೆಸುತ್ತ ಶಿಳ್ಳೆ ಹಾಕುತ್ತಿದ್ದ.

ಆಗ ಒಬ್ಬ ಹೆಂಗಸು ಒಳಗೆ ಬಂದಳು. ನಡುವಯಸ್ಸು, ಹೊಲಿಗೆ ಕಾರ್ಖಾನೆಯ ನೀಲಿ ಕೋಟು, ತೋಳಿಗೆ ಅಂಟಿದ ದಾರದ ಎಳೆಗಳು. ಊಟದ ಬಿಡುವಿನಲ್ಲಿ ಓಡಿ ಬಂದವಳೆಂದು ನೋಡಿದರೇ ತಿಳಿಯುತ್ತಿತ್ತು.

"ನನ್ನ ಕ್ಲಾರಿನೆಟ್ಟು ಆಗಿದ್ಯಾ? ಕೌಂಟರಿನಲ್ಲಿ ದೊಡ್ಡಮ್ಮ, ನಿಮ್ಮತ್ತೆ, ಇದ್ದಾಗ ಕೊಟ್ಟುಹೋಗಿದ್ದೆ. ನಡುವೆ ಒಂದು ಸಲ ಬಂದಿದ್ದೆ, ತುಂಬ ಜನ ಇದ್ರು, ಹಾಗೇ ವಾಪಸ್ ಹೋದೆ."

ಸೊಸೆ ಕಪಾಟುಗಳನ್ನು ಮೇಲಿನಿಂದ ಕೆಳಗೆ ನೋಡಿದಳು. ಕೊನೆಯ ಕಪಾಟಿನ ಕೆಳಗಿನ ಹಲಗೆಯಲ್ಲಿ, ಅವಸರವಿಲ್ಲದ್ದನ್ನೆಲ್ಲ ತಳ್ಳಿಟ್ಟಿದ್ದ ಕಡೆ, ಒಂದು ಕಪ್ಪು ಪೆಟ್ಟಿಗೆಯಿತ್ತು. ತೆರೆದಳು. ಕ್ಲಾರಿನೆಟ್ಟಿನ ಮೇಲ್ತುಂಡಿನಲ್ಲಿ ಉದ್ದಕ್ಕೆ ಬಿರುಕು. ಬೆರಳಿಂದ ಒತ್ತುವ ಕೀಲಿಗಳ ಅಡಿಯಲ್ಲಿ ತೂತು ಮುಚ್ಚುವ ಮೆತ್ತೆಗಳು ಹರಿದು ಜೋತಿದ್ದವು. ಯಾರೂ ಮುಟ್ಟಿರಲಿಲ್ಲ.

"ಇದನ್ನ ಮೊದಲು ನುಡಿಸೋದು ಯಾವತ್ತು?" ಎಂದು ಕೇಳಿದಳು.

"ನಾಳೆ ಸ್ಪರ್ಧೆಯಲ್ಲಿ. ನಮ್ಮದು ಹೆಂಗಸರ ಬ್ಯಾಂಡು. ಮೊದಲ ಸಲ ಹೋಗ್ತಿದೀವಿ. ಶುರುವಿನಲ್ಲಿ ನಾನೊಬ್ಬಳೇ ನುಡಿಸಬೇಕು, ಆಮೇಲೆ ಉಳಿದವರು ಸೇರ್ತಾರೆ." ಅವಳು ಪೆಟ್ಟಿಗೆಯೊಳಗೆ ನೋಡಿದಳು. ಬಿರುಕು ಅವಳಿಗೂ ಕಂಡಿತು. ಕೂಗಲಿಲ್ಲ, ಬೈಯಲಿಲ್ಲ. "ಹಾಗಾದ್ರೆ..." ಎಂದಷ್ಟೇ ಹೇಳಿ ನಿಂತಳು.

ಸೊಸೆಗೆ ತನ್ನ ತಪ್ಪು ಹೊಳೆಯಿತು. ತಾನು ಬಂದ ಮೇಲೆ ಬಂದವರನ್ನೆಲ್ಲ ಕೇಳಿದ್ದಳು. ಅದಕ್ಕೂ ಮೊದಲೇ ಬಂದಿದ್ದವುಗಳಲ್ಲಿ ಯಾವುದನ್ನು ಯಾರೂ ವಿಚಾರಿಸಿಕೊಂಡು ಬಂದಿರಲಿಲ್ಲವೋ ಅದಕ್ಕೆ ಅವಸರವಿಲ್ಲವೆಂದು ತಾನೇ ತೀರ್ಮಾನಿಸಿದ್ದಳು. ದೊಡ್ಡ ದನಿಗೆ ಮೊದಲ ಮಣೆ ಹಾಕುವುದನ್ನು ನಿಲ್ಲಿಸಿದೆನೆಂದು ಬೀಗುತ್ತಿದ್ದವಳು ಸುಮ್ಮನಿದ್ದವರನ್ನು ಮಾತ್ರ ಕೊನೆಯ ಹಲಗೆಗೇ ತಳ್ಳಿದ್ದಳು.

"ಎಷ್ಟೊತ್ತಿಗೆ ನಿಮ್ಮ ಸರದಿ?"

"ಬೆಳಿಗ್ಗೆ ಹನ್ನೊಂದಕ್ಕೆ."

"ಆಗುತ್ತೆ" ಎಂದಳು ಸೊಸೆ. ಹೇಗೆ ಎಂದು ಆ ಕ್ಷಣ ಅವಳಿಗೇ ಗೊತ್ತಿರಲಿಲ್ಲ. "ನೀವು ಕೆಲಸಕ್ಕೆ ಹೋಗಿ. ಬೆಳಿಗ್ಗೆ ನೇರ ಟೌನ್‌ಹಾಲಿಗೆ ಬನ್ನಿ. ಕ್ಲಾರಿನೆಟ್ ಅಲ್ಲಿಗೆ ಬರುತ್ತೆ."

ಅವಳು ಪೆಟ್ಟಿಗೆ ಎತ್ತಿಕೊಂಡು ಒಳಗೆ ನುಗ್ಗಿದಳು. "ತಪ್ಪು ನನ್ನದು. ಬೈಯೋದಿದ್ರೆ ನಾಳೆ ಸಂಜೆ ಬೈಯಿರಿ. ಈಗ ಹೇಳಿ, ಇದರಲ್ಲಿ ಕಾಯಿಸೋ ಕೆಲಸ ಯಾವುದು?"

ಗಂಡ ಆಗಲೇ ಬಿರುಕಿನ ಮೇಲೆ ಉಗುರಾಡಿಸಿ ನೋಡುತ್ತಿದ್ದ. "ಬಿರುಕು. ಪಿಟೀಲಿನಷ್ಟು ಹೊತ್ತು ಬೇಡ, ಈಗಲೇ ಅಂಟು ತುಂಬಿ ಬಿಗಿದ್ರೆ ಬೆಳಗ್ಗೆಗೆ ಗಟ್ಟಿ ಆಗುತ್ತೆ. ಇನ್ನೊಂದು ಗಂಟೆ ತಡ ಮಾಡಿದ್ರೂ ಹೇಳೋಕಾಗಲ್ಲ."

"ಹಾಗಾದ್ರೆ ನೀವು ಕೈಯಲ್ಲಿರೋದನ್ನ ಕೆಳಗಿಡಿ."

ತುತ್ತೂರಿ ಕರೆಸಿಕೊಳ್ಳದೆಯೇ ಬಂದು ಕೀಲಿಗಳನ್ನು ಬಿಚ್ಚತೊಡಗಿದ. ಒಂದೊಂದನ್ನೂ ಬಿಚ್ಚಿದ ಸಾಲಿನಲ್ಲೇ ಬಟ್ಟೆಯ ಮೇಲೆ ಜೋಡಿಸಿದ. ಅವನ ಬಾಯಿ ಜೀವಮಾನದಲ್ಲಿ ಮೊದಲ ಸಲ ಮುಚ್ಚಿತ್ತು. ಹಳೆಯ ಮೆತ್ತೆಗಳನ್ನು ಕೆರೆದು ತೆಗೆಯಲು ಸೊಸೆಯೇ ಕೂತಳು. ಗಂಡ ಉಸಿರು ಬಿಗಿಹಿಡಿದು ಬಿರುಕಿಗೆ ಅಂಟು ಇಳಿಸಿ, ಸುತ್ತ ದಾರ ಬಿಗಿದು, ಕಿಟಕಿಯಿಂದ ದೂರ ಇಟ್ಟ.

"ಸರಿ, ಬಿರುಕಾಯ್ತು" ಎಂದರು ಮಾವ. "ಆದ್ರೆ ಹೊಸ ಮೆತ್ತೆ ಕೂರಿಸಿ ಗಾಳಿ ಸೋರದ ಹಾಗೆ ಮಾಡೋದು ನನ್ನ ಕೈಯೇ ಆಗ್ಬೇಕು. ಅದು ಬೆಳಿಗ್ಗೆ ಅಂಟು ಒಣಗಿದ ಮೇಲೇನೇ. ಬೆಳಿಗ್ಗೆ ಅಕಾರ್ಡಿಯನ್ ಇದೆ. ಎರಡೂ ಆಗಲ್ಲಮ್ಮ. ಹೋಟೆಲಿನವರಿಗೆ ಮಾತು ಕೊಟ್ಟಿದೀವಿ."

ಎಲ್ಲರೂ ಅವಳ ಮುಖ ನೋಡಿದರು. ಸೊಸೆ ಫೋನ್ ಎತ್ತಿದಳು.

ಹೋಟೆಲಿನ ಮ್ಯಾನೇಜರ್ ಬಿಗಿಯಾದ ಮನುಷ್ಯ. "ಮಧ್ಯಾಹ್ನ ಅಂದ್ರೆ ಮಧ್ಯಾಹ್ನ. ಮೊದಲೇ ಹೇಳಿದೀನಲ್ಲ" ಎಂದ.

"ಹೌದು ಸಾರ್, ಹೇಳಿದೀರಿ. ನುಡಿಸೋರು ಎಷ್ಟೊತ್ತಿಗೆ ಬರ್ತಾರೆ?"

ಆ ಕಡೆ ಯಾರನ್ನೋ ಕೇಳಿದ ದನಿ. "ನುಡಿಸೋರು ಬರೋದು... ಸಂಜೆ ಏಳರ ಮೇಲೆ."

"ಮಧ್ಯಾಹ್ನದಿಂದ ಸಂಜೆವರೆಗೂ ಅದು ಎಲ್ಲಿರುತ್ತೆ ಸಾರ್?"

"ಎಲ್ಲಿರುತ್ತೆ ಅಂದ್ರೆ? ಸ್ಟೋರ್ ರೂಮಲ್ಲಿ."

"ನಮ್ಮಲ್ಲೇ ಇರಲಿ ಸಾರ್, ಧೂಳಾಗಲ್ಲ. ಐದು ಗಂಟೆಗೆ ನಾನೇ ತಂದು, ನುಡಿಸಿ ತೋರಿಸಿ ಕೊಟ್ಟುಹೋಗ್ತೀನಿ."

ಮ್ಯಾನೇಜರ್, "ನುಡಿಸಿ ತೋರಿಸ್ತೀರಾ? ಹಾಗಿದ್ರೆ ಒಳ್ಳೇದೇ ಆಯ್ತು" ಎಂದ. ಫೋನಿಟ್ಟ ಮೇಲೆ ಅವಳಿಗೆ ನೆನಪಾಯಿತು, ಅಕಾರ್ಡಿಯನ್ನಿನ ಯಾವ ಕಡೆ ಹೆಗಲಿಗೆ ಹಾಕಿಕೊಳ್ಳಬೇಕೆಂದೂ ತನಗೆ ಗೊತ್ತಿಲ್ಲ. ಹನ್ನೊಂದರಿಂದಲೂ ಮಾವನ ಪಕ್ಕ ಕೂತಿದ್ದ ಮಾಸ್ತರು ಕುರ್ಚಿಯಲ್ಲೇ ಕುಲುಕಿ ಕುಲುಕಿ ನಕ್ಕರು. "ನಡಿಯಮ್ಮ, ನಾನೂ ಬರ್ತೀನಿ, ನಾನೇ ನುಡಿಸ್ತೀನಿ. ಅಲ್ಲಿ ಕಾಫಿ ಚೆನ್ನಾಗಿರುತ್ತಂತೆ."

ಬೆಳಿಗ್ಗೆ ಮಾಸ್ತರೂ ಸೇರಿ ಎಲ್ಲರೂ ಮಾತಾಡಿಕೊಳ್ಳದೆಯೇ ಬೇಗ ಬಂದರು. ಗಂಡ ದಾರ ಬಿಚ್ಚಿದ. ಬಿರುಕಿದ್ದ ಜಾಗದ ಮೇಲೆ ಬೆರಳಾಡಿಸಿ ತಲೆಯಾಡಿಸಿದ. ಮಾವ ಮೇಜಿನ ದೀಪ ಹತ್ತಿಸಿ ಒಂದೊಂದೇ ಮೆತ್ತೆಯನ್ನು ಬಿಸಿ ಅಂಟಿನಲ್ಲಿ ಕೂರಿಸತೊಡಗಿದರು. ತುತ್ತೂರಿ ಕೇಳುವ ಮೊದಲೇ ಮುಂದಿನ ಕೀಲಿಯನ್ನು ಅವರ ಕೈಗಿಡುತ್ತಿದ್ದ. ಆ ಕೆಲಸದ ಮನೆಯಲ್ಲಿ ಆಗ ಗಡಿಬಿಡಿಯೇ ಇರಲಿಲ್ಲ. ಕೈಯಿಂದ ಕೈಗೆ ವಸ್ತು ನೀರಿನ ಹಾಗೆ ಹರಿಯುತ್ತಿತ್ತು. ಸೊಸೆಗೆ ಮಾಡಲು ಏನೂ ಉಳಿದಿರಲಿಲ್ಲ. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಮಾಸ್ತರು ಊದಿದರು. ಕೆಳಗಿನ ಸ್ವರ ತುಂಬಿಕೊಂಡು ಬಂತು. ಮೇಲೇರುತ್ತ ಒಂದು ಕಡೆ ಕೀರಲು. "ಎಡಗೈ, ಎರಡನೇದು" ಎಂದರು. ಮಾವ ಆ ಒಂದು ಮೆತ್ತೆಯನ್ನು ಮತ್ತೆ ಕಾಯಿಸಿ ಕೂರಿಸಿದರು. ಮತ್ತೆ ಊದಿದರು. ಈ ಸಲ ಸ್ವರ ಎಲ್ಲೂ ಎಡವದೆ ಮೇಲಿನವರೆಗೂ ಏರಿತು. ಮಾವ ಕನ್ನಡಕ ತೆಗೆದು, "ಇನ್ನೂ ನಿಂತಿದೀಯಲ್ಲ, ಓಡಮ್ಮ" ಎಂದರು.

ಅವಳು ಓಡಿದಳು. ಗಂಡ ಸ್ಕೂಟರ್ ಸ್ಟಾರ್ಟ್ ಮಾಡಿ ಕಾಯುತ್ತಿದ್ದ. ಟೌನ್‌ಹಾಲಿನ ಪಕ್ಕದ ಬಾಗಿಲಲ್ಲಿ ನೀಲಿ ಕೋಟಿನ ಹೆಂಗಸರೆಲ್ಲ ಗುಂಪುಗಟ್ಟಿ ರಸ್ತೆಯ ಕಡೆಗೇ ಕಣ್ಣು ನೆಟ್ಟಿದ್ದರು. ಆ ಹೆಂಗಸು ಪೆಟ್ಟಿಗೆ ತೆಗೆದುಕೊಂಡಳು. ಒಂದು ಸ್ವರ ಮೆಲ್ಲಗೆ ಊದಿ ನೋಡಿದಳು. ಆಮೇಲೆ ಇನ್ನೊಂದು. ಸೊಸೆಯ ಮುಂಗೈಯನ್ನು ಒಮ್ಮೆ ಬಿಗಿಯಾಗಿ ಹಿಡಿದು ಒಳಗೆ ಹೋದಳು.

ಗಂಡ ಹೆಂಡತಿ ಇಬ್ಬರೂ ಹಾಲಿನ ಹಿಂಬದಿಯಲ್ಲಿ ನಿಂತು ಕೇಳಿದರು. ಮೊದಲು ಕ್ಲಾರಿನೆಟ್ ಒಂದೇ, ಅಷ್ಟು ದೊಡ್ಡ ಹಾಲಿನಲ್ಲಿ ಒಂಟಿಯಾಗಿ, ಯಾರ ಹಂಗೂ ಇಲ್ಲದಂತೆ. ಆಮೇಲೆ ಒಮ್ಮೆಲೇ ಉಳಿದ ವಾದ್ಯಗಳೆಲ್ಲ ಎದ್ದವು. ಅರ್ಧಕ್ಕರ್ಧ ವಾದ್ಯಗಳು ಅವರ ಅಂಗಡಿಯ ಮೇಜು ದಾಟಿ ಬಂದವೇ. ಗಂಡ ಅವಳ ಕಿವಿಯಲ್ಲಿ, "ನಿನ್ನ ಬಸ್ಸುಗಳೆಲ್ಲ ಹೊರಟವು" ಎಂದ.

ಹೆಂಗಸರ ಬ್ಯಾಂಡಿಗೆ ಮೂರನೆಯ ಬಹುಮಾನ ಬಂತು. ಮೊದಲ ಸಲ ಹೋದವರಿಗೆ ಅದೇನು ಕಡಿಮೆಯಲ್ಲ. ಆ ಸಂಜೆ ಹೋಟೆಲಿನಲ್ಲಿ ಮಾಸ್ತರು ಅಕಾರ್ಡಿಯನ್ ನುಡಿಸಿ ತೋರಿಸಿದರು. ಮ್ಯಾನೇಜರ್ ಅವರನ್ನು ಬಿಡಲೇ ಇಲ್ಲ, ಇನ್ನೊಂದು, ಇನ್ನೊಂದು ಎಂದು ಕೂರಿಸಿಕೊಂಡ.

ಪಟ್ಟಿ ಬಿಚ್ಚಿದ ಮೇಲೆ ಅತ್ತೆ ಹೊಸ ಕನ್ನಡಕ ಹಾಕಿಕೊಂಡು ಅಂಗಡಿಗೆ ಬಂದರು. ಕಪಾಟಿನಿಂದ ಕಪಾಟಿಗೆ ನಿಧಾನವಾಗಿ ನಡೆದು, ಎಲ್ಲವನ್ನೂ ಮುಟ್ಟಿ ನೋಡಿದರು. ಸೊಸೆ ಕೌಂಟರಿನಿಂದ ಎದ್ದು ನಿಂತಳು.

"ನೀನ್ಯಾಕೆ ಎದ್ದೆ?" ಎಂದರು ಅತ್ತೆ.

"ನಿಮ್ಮ ಜಾಗ ಅಲ್ವಾ ಅತ್ತೆ?"

"ಕೌಂಟರ್ ನನ್ನದೇ. ಜನರ ಹತ್ತಿರ ಮಾತಾಡದಿದ್ರೆ ನನಗೆ ತಿಂದದ್ದು ಕರಗಲ್ಲ." ಅತ್ತೆ ಕೂತು ಸೆರಗು ಸರಿಮಾಡಿಕೊಂಡರು. "ಆದ್ರೆ ನಿನಗೆ ಒಳಗೆ ಒಂದು ಮೇಜು ಹಾಕೋಕೆ ಹೇಳಿದೀನಿ. ಬಂದದ್ದನ್ನ ನಾನು ಈಸ್ಕೋತೀನಿ, ಮೊದಲು ಯಾವುದು ಅನ್ನೋದನ್ನ ನೀನು ಹೇಳು. ಬಾಯಿ ಬಿಡದೆ ಮೂಲೇಲಿ ನಿಲ್ಲೋರನ್ನ ನಾನು ಕರೆದು ಕೇಳ್ತೀನಿ. ಈಗ ಕಣ್ಣು ಚೆನ್ನಾಗಿ ಕಾಣ್ತಿದೆ."

ಒಳಗಿನಿಂದ ತುತ್ತೂರಿ ಇಣುಕಿ, "ಅಮ್ಮ, ಅತ್ತಿಗೆ ಮೇಜು ಎಲ್ಲಿ ಹಾಕ್ಲಿ? ಇರೋ ಜಾಗ ಅಂದ್ರೆ ನನ್ನ ಸ್ಟೂಲಿಂದು ಒಂದೇ" ಎಂದ.

"ಅಲ್ಲೇ ಹಾಕು" ಎಂದರು ಅತ್ತೆ, ಬಾಗಿಲಿಗೆ ಬಂದ ಗಿರಾಕಿಯ ಕಡೆ ತಿರುಗುತ್ತ. "ಬನ್ನಿ, ಬನ್ನಿ. ಇದನ್ನ ಎಲ್ಲಿ ನುಡಿಸ್ತೀರಿ, ಮೊದಲು ಅದನ್ನ ಹೇಳಿ."